50 ವಾಟ್, ತಾರಸಿಯ ತಂತಿ, 48 ಗಂಟೆ: ಪೈಲಪ್‌ನಲ್ಲಿ ವಿಯು3 ಕೇಳಿಸುವುದು ಹೇಗೆ?

ಕೊಥ್ರೂಡ್ ಕೇಳುಗ, ಪುಣೆ

ಬಳಗದ ಹಿರಿಯರಿಗೆಲ್ಲ ನಮಸ್ಕಾರ.

ಮೂಲತಃ ಧಾರವಾಡದವನಾದ ನಾನು ಕೆಲಸದ ನಿಮಿತ್ತ ಪುಣೆಗೆ ಬಂದು ಒಂಬತ್ತು ವರ್ಷಗಳಾದವು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ರಿಸ್ಟ್ರಿಕ್ಟೆಡ್ (ಆರಂಭಿಕ) ದರ್ಜೆಯ ಲೈಸೆನ್ಸ್ ಕೈಸೇರಿ ಎರಡು ವರ್ಷಗಳಾಗಿವೆ. ನನ್ನ ಕಾಲ್‌ಸೈನ್, ಅಂದರೆ ನಿಲ್ದಾಣದ ಗುರುತಿನ ಹೆಸರು, ವಿಯು3 ಎಂದು ಆರಂಭವಾಗುತ್ತದೆ. ಏಳು ಮಹಡಿಯ ಕಟ್ಟಡದ ತಾರಸಿಯಲ್ಲಿ, ಸೊಸೈಟಿಯವರನ್ನು ಒಪ್ಪಿಸಿ, ನೀರಿನ ಟ್ಯಾಂಕಿನಿಂದ ಲಿಫ್ಟ್ ಕೋಣೆಯವರೆಗೆ ಎಳೆದ ಸುಮಾರು 20 ಮೀಟರ್ ಉದ್ದದ ಎಂಡ್‌ಫೆಡ್ (ಒಂದು ತುದಿಯಿಂದ ಶಕ್ತಿ ಕೊಡುವ) ತಂತಿಯೊಂದೇ ನನ್ನ ಆಂಟೆನಾ. ರೇಡಿಯೋ 100 ವಾಟಿನದಾದರೂ ಲೈಸೆನ್ಸಿನ ಮಿತಿಯಂತೆ 50 ವಾಟಿಗೆ ಇಳಿಸಿಯೇ ಬಳಸುತ್ತೇನೆ.

ಕಳೆದ ಅಕ್ಟೋಬರ್‌ನ ಕೊನೆಯ ವಾರಾಂತ್ಯದಲ್ಲಿ ಜಗತ್ತಿನ ಆದಷ್ಟು ಹೆಚ್ಚು ಹ್ಯಾಮ್ ನಿಲ್ದಾಣಗಳನ್ನು ಸಂಪರ್ಕಿಸುವ ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯ ಧ್ವನಿ ವಿಭಾಗದಲ್ಲಿ ಮೊದಲ ಬಾರಿ ಪಾಲ್ಗೊಂಡೆ. ಶನಿವಾರ ಬೆಳಗಿನ 5.30ಕ್ಕೆ ಆರಂಭವಾಗಿ ಸೋಮವಾರ ಬೆಳಗಿನ 5.29ಕ್ಕೆ ಮುಗಿಯುವ ಆ 48 ಗಂಟೆಗಳಲ್ಲಿ ನಾನು ರೇಡಿಯೋ ಮುಂದೆ ಕುಳಿತದ್ದು ಸುಮಾರು 24 ಗಂಟೆ. ಲಾಗಿಗೆ (ಸಂಪರ್ಕಗಳ ದಾಖಲೆಗೆ) ಸೇರಿದ ಸಂಪರ್ಕಗಳು 164. ಮೊದಲ ಪ್ರಯತ್ನಕ್ಕೆ ಇದು ಸಂತೋಷದ ಸಂಖ್ಯೆಯೇ ಆಗಿತ್ತು. ಆದರೆ ಪರಿಶೀಲನೆ ಮುಗಿದು ಬಂದ ವರದಿಯನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ನಾನು ತಪ್ಪಾಗಿ ಬರೆದುಕೊಂಡ ಏಳು ಕಾಲ್‌ಸೈನ್‌ಗಳು ರದ್ದಾಗಿದ್ದವು. ಅದಕ್ಕಿಂತ ಹೆಚ್ಚು ನೋಯಿಸಿದ್ದೆಂದರೆ, ನನ್ನ ಕಾಲ್‌ಸೈನನ್ನು ಹನ್ನೊಂದು ನಿಲ್ದಾಣಗಳವರು ತಪ್ಪಾಗಿ ದಾಖಲಿಸಿದ್ದು. ಅವರಲ್ಲಿ ಒಂಬತ್ತು ಮಂದಿ ವಿಯು3 ಎಂಬುದನ್ನು ವಿಯು2 ಎಂದು ಬರೆದುಕೊಂಡಿದ್ದರು. ನನಗೆ ಅದರಿಂದ ನಷ್ಟವಿಲ್ಲ, ಆದರೆ ಗದ್ದಲದ ನಡುವೆ ನನ್ನ ಕ್ಷೀಣ ದನಿಯನ್ನು ತಾಳ್ಮೆಯಿಂದ ಆಲಿಸಿದವರ ಅಂಕ ನನ್ನ ಉಚ್ಚಾರಣೆಯ ದೆಸೆಯಿಂದ ಹೋಯಿತಲ್ಲ ಎಂಬ ಕೊರಗು ಉಳಿದಿದೆ.

ಇನ್ನೊಂದು ತೊಡಕು ಪೈಲಪ್‌ನದು, ಅಂದರೆ ಒಂದೇ ನಿಲ್ದಾಣವನ್ನು ಹಲವರು ಒಮ್ಮೆಗೇ ಕರೆಯುವ ನೂಕುನುಗ್ಗಲಿನದು. ಆಫ್ರಿಕದ ನಿಲ್ದಾಣವೊಂದನ್ನು 25 ನಿಮಿಷ ಬಿಡದೆ ಕರೆದೆ. ನನ್ನಷ್ಟೇ ಶಕ್ತಿಯ, ನನ್ನಂಥದೇ ತಂತಿಯಿರುವ ಇನ್ನೊಬ್ಬರು ಎರಡನೆಯ ಕರೆಗೇ ಸಂಪರ್ಕ ಪಡೆದು ಮುಂದೆ ಹೋದದ್ದನ್ನು ಕಿವಿಯಾರೆ ಕೇಳಿದೆ. ಇಲ್ಲಿ ಏನೋ ಒಂದು ಕುಶಲತೆಯಿದೆ, ಅದು ನನಗೆ ಇನ್ನೂ ದಕ್ಕಿಲ್ಲ.

ಮೂರನೆಯದಾಗಿ, ಇಡೀ ಸ್ಪರ್ಧೆಯಲ್ಲಿ ನಾನು ಬೇರೆಯವರನ್ನು ಹುಡುಕಿ ಕರೆದೆನೇ ಹೊರತು ಸ್ವತಃ ಸಿಕ್ಯೂ, ಅಂದರೆ ‘ಯಾರಾದರೂ ನನ್ನನ್ನು ಕರೆಯಿರಿ’ ಎಂದು, ಕೂಗಲಿಲ್ಲ. 50 ವಾಟಿನಲ್ಲಿ ಹಾಗೆ ಕೂಗುವುದರಲ್ಲಿ ಅರ್ಥವಿದೆಯೇ? ಕೊನೆಯದಾಗಿ, ಸ್ಪರ್ಧೆಯನ್ನು ಧ್ವನಿಮುದ್ರಿಸಿಕೊಂಡು, ಅನುಮಾನವಿದ್ದ ಕಾಲ್‌ಸೈನ್‌ಗಳನ್ನು ಮರುದಿನ ಮತ್ತೆ ಕೇಳಿ, ಅಂತರ್ಜಾಲದ ಪಟ್ಟಿಗಳೊಂದಿಗೆ ಹೋಲಿಸಿ ನಾಲ್ಕನ್ನು ತಿದ್ದಿ ಲಾಗ್ ಕಳುಹಿಸಿದ್ದೆ. ಅದು ಸರಿಯಾದ ಕ್ರಮವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಡೊಂಬಿವಿಲಿ 15 ಮೀಟರ್

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆಯೇ ನಿಂತಿದೆ. ಸ್ಪರ್ಧೆ ಮುಗಿದ ಮೇಲೆ ಧ್ವನಿಮುದ್ರಿಕೆ ಕೇಳಿಯಾಗಲಿ, ಪಟ್ಟಿಗಳನ್ನು ನೋಡಿಯಾಗಲಿ ಕಾಲ್‌ಸೈನ್ ತಿದ್ದುವುದಕ್ಕೆ ಈ ಸ್ಪರ್ಧೆಯ ನಿಯಮ ಅವಕಾಶ ಕೊಡುವುದಿಲ್ಲ. ಆ ಕ್ಷಣದಲ್ಲಿ ಕಿವಿ ಏನನ್ನು ಹಿಡಿಯಿತೋ ಅದೇ ಲಾಗ್. ಸ್ಪರ್ಧೆ ಅಳೆಯುವುದು ಆ ಕಿವಿಯನ್ನೇ. ನೀವು ತಿಳಿಯದೆ ಮಾಡಿದ್ದೀರಿ, ಮುಂದಿನ ಬಾರಿ ಮಾಡಬೇಡಿ. ಅನುಮಾನವಿದ್ದರೆ ಸಂಪರ್ಕದ ಹೊತ್ತಿನಲ್ಲೇ ಮತ್ತೊಮ್ಮೆ ಕೇಳಿ. ಮತ್ತೊಮ್ಮೆ ಕೇಳುವುದಕ್ಕೆ ನಾಚಬೇಕಾಗಿಲ್ಲ. ತಪ್ಪು ಬರೆದ ಸಂಪರ್ಕ ರದ್ದಾಗುವುದಷ್ಟೇ ಅಲ್ಲ, ದಂಡವಾಗಿ ಇನ್ನಷ್ಟು ಅಂಕಗಳೂ ಕಳೆಯುವುದರಿಂದ, ಆ ಮೂರು ಸೆಕೆಂಡು ಉಳಿಸಿ ಗಳಿಸುವುದು ಏನೂ ಇಲ್ಲ.

ಈಗ ಮೂರು ಮತ್ತು ಎರಡರ ಗೊಂದಲ. ಇದು ನಿಮ್ಮೊಬ್ಬರ ಪಾಡಲ್ಲ. ಹೊರದೇಶದ ಆಪರೇಟರುಗಳು ವರ್ಷಗಳಿಂದ ವಿಯು2 ಎಂಬುದನ್ನೇ ಹೆಚ್ಚು ಕೇಳಿದವರು. ದನಿ ಕ್ಷೀಣವಾಗಿದ್ದಾಗ ಕಿವಿ ತನಗೆ ಪರಿಚಿತವಾದುದನ್ನೇ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಅಂಕಿಯ ಮೇಲೆ ಭಾರ ಹಾಕಿ ಹೇಳಬೇಕು. ಅಂತರರಾಷ್ಟ್ರೀಯ ಉಚ್ಚಾರಣಾ ಕ್ರಮದಲ್ಲಿ ಮೂರನ್ನು ‘ಟ್ರೀ’ ಎಂದು ಗಟ್ಟಿಯಾಗಿ ನುಡಿಯಬೇಕೆಂದು ಹೇಳಿರುವುದು ಸುಮ್ಮನೆ ಅಲ್ಲ, ‘ಥ’ಕಾರದ ಉಸಿರು ಗದ್ದಲದಲ್ಲಿ ಕರಗಿ ಹೋಗುತ್ತದೆ. ‘ಯು’ ಅಕ್ಷರಕ್ಕೆ ಹೇಳುವ ಯೂನಿಫಾರ್ಮ್ ಎಂಬ ಪದ ಮುಗಿದ ಮೇಲೆ ಕೂದಲೆಳೆಯಷ್ಟು ತಡೆದು, ‘ಟ್ರೀ’ ಎಂದು ಹೇಳಿ ನೋಡಿ.

ಅದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಆ ಕಡೆಯವರು ನಿಮ್ಮನ್ನು ವಿಯು2 ಎಂದು ಕರೆದು ಐದು ಒಂಬತ್ತು, ಅಂದರೆ ದನಿ ಸ್ಪಷ್ಟವಾಗಿ ಜೋರಾಗಿದೆಯೆಂಬ ವರದಿ, ಕೊಟ್ಟಾಗ ನೀವು ಏನು ಮಾಡಿದಿರಿ? ಬಹುಶಃ ಸಂಪರ್ಕ ಸಿಕ್ಕಿತೆಂಬ ಸಂಭ್ರಮದಲ್ಲಿ ‘ಐದು ಒಂಬತ್ತು, ಇಪ್ಪತ್ತೆರಡು’ ಎಂದು ಉತ್ತರಿಸಿಬಿಟ್ಟಿರಿ. ಇಪ್ಪತ್ತೆರಡು ಎಂಬುದು ಸ್ಪರ್ಧೆಗಾಗಿ ಜಗತ್ತನ್ನು ಹಂಚಿರುವ ವಲಯಗಳಲ್ಲಿ ನಮ್ಮದರ ಸಂಖ್ಯೆ. ನೀವು ಈ ವಲಯದ ಸಂಖ್ಯೆ ಕೊಟ್ಟಿರೆಂದರೆ ಕಾಲ್‌ಸೈನ್ ಸರಿಯಿದೆಯೆಂದು ಒಪ್ಪಿದಂತೆಯೇ ಅವರು ತಿಳಿಯುತ್ತಾರೆ, ಕೀಲಿ ಒತ್ತಿ ಮುಂದಿನವರನ್ನು ಕರೆಯುತ್ತಾರೆ. ತಪ್ಪಾಗಿ ಕೇಳಿಸಿಕೊಂಡಿದ್ದರೆ ವಲಯದ ಸಂಖ್ಯೆಯನ್ನು ಹಿಡಿದಿಟ್ಟು, ತಪ್ಪಾದ ಭಾಗವನ್ನಷ್ಟೇ ಎರಡು ಬಾರಿ ಹೇಳಿ. ‘ನಂಬರ್ ಟ್ರೀ, ಒನ್ ಟೂ ಟ್ರೀ’ ಎಂದು ಎಣಿಸಿ ಹೇಳುವ ರೂಢಿಯೂ ಇದೆ. ಎಣಿಕೆ ಎಲ್ಲಿ ನಿಂತಿತು ಎಂಬುದನ್ನು ಎಂಥ ಗದ್ದಲದಲ್ಲೂ ಕಿವಿ ಗುರುತಿಸುತ್ತದೆ. ಅವರು ತಿದ್ದಿ ನುಡಿದ ಮೇಲೆಯೇ ವಲಯ ಕೊಡಿ. ಇಡೀ ಕಾಲ್‌ಸೈನನ್ನು ಮತ್ತೆ ಮೊದಲಿನಿಂದ ಹೇಳಿದರೆ ತಪ್ಪು ಎಲ್ಲಿದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಪೈಲಪ್ ವಿಚಾರಕ್ಕೆ ಬರೋಣ. ಎರಡನೆಯ ಕರೆಗೇ ಸಂಪರ್ಕ ಪಡೆದವರು ಹಾಗೆ ಕರೆಯುವ ಮುನ್ನ ಎಷ್ಟು ಹೊತ್ತು ಸುಮ್ಮನಿದ್ದು ಕೇಳಿದರು ಎಂಬುದು ನಿಮಗೆ ಕೇಳಿಸಿರುವುದಿಲ್ಲ. ಪ್ರತಿಯೊಬ್ಬ ಆಪರೇಟರಿಗೂ ಒಂದು ಲಯವಿರುತ್ತದೆ. ಒಬ್ಬರು ‘ಥ್ಯಾಂಕ್ ಯು’ ಎಂದ ಕೂಡಲೇ ಮೊದಲು ಕೇಳಿಸಿದವರನ್ನು ಎತ್ತಿಕೊಳ್ಳುತ್ತಾರೆ. ಇನ್ನೊಬ್ಬರು ಮೊದಲ ಅಬ್ಬರ ಇಳಿಯುವವರೆಗೆ ಕಾದು, ಕೊನೆಯಲ್ಲಿ ಉಳಿದ ದನಿಯನ್ನು ಹಿಡಿಯುತ್ತಾರೆ. ಈ ಎರಡನೆಯ ಬಗೆಯವರು ನಮ್ಮಂಥ ಕಡಿಮೆ ಶಕ್ತಿಯವರ ಪಾಲಿನ ಬಂಧುಗಳು. ಅಂಥವರ ಬಳಿ ಎಲ್ಲರೊಂದಿಗೆ ಕೂಗದೆ, ಒಂದು ಸೆಕೆಂಡಿನಷ್ಟು ತಡೆದು, ಗದ್ದಲ ತಗ್ಗುವ ಅಂಚಿನಲ್ಲಿ ನಿಮ್ಮ ಪೂರ್ತಿ ಕಾಲ್‌ಸೈನನ್ನು ಒಮ್ಮೆ, ಒಂದೇ ಒಂದು ಬಾರಿ ಹೇಳಿ ಕಿವಿಗೊಡಿ. ಆ ಕಡೆಯವರು ‘ಕಿಲೋದಿಂದ ಮುಗಿಯುವವರು’ ಎಂದು ಕರೆದಾಗ ನಿಮ್ಮದರಲ್ಲಿ ಕಿಲೋ (ಕೆ ಅಕ್ಷರ) ಇಲ್ಲವಾದರೆ ಬಾಯಿ ಮುಚ್ಚಿರುವುದು ಧರ್ಮವೂ ಹೌದು, ಜಾಣತನವೂ ಹೌದು. ಆ ಸಂಪರ್ಕ ಬೇಗ ಮುಗಿದಷ್ಟೂ ನಿಮ್ಮ ಸರದಿ ಹತ್ತಿರವಾಗುತ್ತದೆ.

ಎಲ್ಲರೂ ಕ್ಲಸ್ಟರಿನ, ಅಂದರೆ ಯಾರು ಯಾವ ಆವರ್ತನದಲ್ಲಿದ್ದಾರೆಂದು ತೋರಿಸುವ ಅಂತರ್ಜಾಲ ಪಟ್ಟಿಯ ಮೇಲೆ ಒತ್ತಿ ಒಂದೇ ಆವರ್ತನಕ್ಕೆ ಬಂದು ನಿಲ್ಲುವುದರಿಂದ ಎಲ್ಲರ ದನಿಯೂ ಒಂದರ ಮೇಲೊಂದು ಬಿದ್ದು ಉಂಡೆಯಾಗುತ್ತದೆ. ಪ್ರಸರಣದ ಆವರ್ತನವನ್ನು 100 ಅಥವಾ 150 ಹರ್ಟ್ಸ್‌ನಷ್ಟು ಸರಿಸಿದರೆ ನಿಮ್ಮ ದನಿಯ ಸ್ಥಾಯಿ ಉಳಿದವರಿಗಿಂತ ತುಸು ಬೇರೆಯಾಗಿ ಕೇಳುತ್ತದೆ. ಸ್ಥಾಯಿ ಏರುವ ಕಡೆಗೇ ಸರಿಸಿ, ತಗ್ಗಿದ ದನಿ ಮುಳುಗುತ್ತದೆ. ಮೈಕಿನ ಗಳಿಕೆಯನ್ನು ಮಾತ್ರ ಏರಿಸಬೇಡಿ. ಎಎಲ್‌ಸಿ (ಪ್ರಸಾರದ ಮಟ್ಟವನ್ನು ತಾನೇ ನಿಯಂತ್ರಿಸುವ ಭಾಗ) ಸೂಚಿ ತನ್ನ ಮಿತಿಯೊಳಗೆ ಇರಲಿ, ಕಂಪ್ರೆಶನ್ (ದನಿಯ ಏರಿಳಿತ ಸಮಗೊಳಿಸುವುದು) ಮಿತವಾಗಿರಲಿ, ಮಂದ್ರದ ಭಾಗವನ್ನು ಕಡಿಮೆ ಮಾಡಿ. ಅಕ್ಷರಗಳನ್ನು ಸ್ಪಷ್ಟಗೊಳಿಸುವುದು 1.5ರಿಂದ 2.5 ಕಿಲೋಹರ್ಟ್ಸ್ ನಡುವಿನ ಭಾಗ. 50 ವಾಟಿನಲ್ಲಿ ಒಂದು ವಾಟನ್ನೂ ಎದೆಯ ಗುಡುಗಿಗೆ ವ್ಯಯಿಸುವಂತಿಲ್ಲ.

ಸಿಕ್ಯೂ ಕೂಗುವ ಪ್ರಶ್ನೆಗೆ ನನ್ನ ಉತ್ತರ: ಕೂಗಲೇಬೇಕು. ಕಾರಣ ಲೆಕ್ಕದಲ್ಲಿದೆ. ಈ ಸ್ಪರ್ಧೆಯಲ್ಲಿ ಬೇರೆ ಖಂಡಕ್ಕೆ 3 ಅಂಕ, ನಮ್ಮದೇ ಖಂಡದ ಬೇರೆ ದೇಶಕ್ಕೆ 1 ಅಂಕ, ಸ್ವದೇಶಕ್ಕೆ ಅಂಕವಿಲ್ಲ, ಆದರೆ ಮಲ್ಟಿಪ್ಲೈಯರ್ (ಅಂಕ ಗುಣಿಸುವ ಎಣಿಕೆ) ಉಂಟು. ಒಟ್ಟು ಅಂಕವನ್ನು ಪ್ರತಿ ಬ್ಯಾಂಡಿನಲ್ಲಿ (ಆವರ್ತನಗಳ ಗುಂಪಿನಲ್ಲಿ) ಸಿಕ್ಕ ದೇಶಗಳು ಮತ್ತು ವಲಯಗಳ ಮೊತ್ತದಿಂದ ಗುಣಿಸುತ್ತಾರೆ. ನೀವು 100 ಯುರೋಪ್ ನಿಲ್ದಾಣಗಳನ್ನು 40 ಮಲ್ಟಿಪ್ಲೈಯರ್‌ಗಳೊಂದಿಗೆ ಪಡೆದಿದ್ದೀರೆಂದು ಇಟ್ಟುಕೊಳ್ಳಿ: 300ನ್ನು 40ರಿಂದ ಗುಣಿಸಿದರೆ 12,000. ಇನ್ನೊಂದು ಸಾಮಾನ್ಯ ಸಂಪರ್ಕ ಅದಕ್ಕೆ 120 ಸೇರಿಸುತ್ತದೆ. ಅದೇ ಸಂಪರ್ಕ ಹೊಸ ಮಲ್ಟಿಪ್ಲೈಯರ್ ಆಗಿದ್ದರೆ ಮೊತ್ತ 12,423 ಆಗುತ್ತದೆ, ಅಂದರೆ ಮೂರೂವರೆ ಪಟ್ಟು ಲಾಭ. ಈ ಲೆಕ್ಕ ಆ ಕಡೆಯವರಿಗೂ ಅನ್ವಯಿಸುತ್ತದೆ. 22ನೆಯ ವಲಯದಲ್ಲಿರುವುದು ಭಾರತ, ಶ್ರೀಲಂಕಾ, ಮಾಲ್ದೀವ್ಸ್, ನೇಪಾಳ, ಭೂತಾನ್, ಬಾಂಗ್ಲಾದೇಶ, ಲಕ್ಷದ್ವೀಪ; ಅಂಡಮಾನ್ ಮಾತ್ರ 26ನೆಯ ವಲಯಕ್ಕೆ ಸೇರಿದೆ. ಹೀಗಾಗಿ ಯುರೋಪಿನ ಸ್ಪರ್ಧಿಗೆ ನಿಮ್ಮ ಒಂದು ಕರೆ ದೇಶ ಮತ್ತು ವಲಯ ಎರಡನ್ನೂ ತಂದುಕೊಡುತ್ತದೆ. ನೀವು ಕೂಗಿದರೆ ಅವರು ಹುಡುಕಿಕೊಂಡು ಬರುತ್ತಾರೆ.

ಎಲ್ಲಿ, ಯಾವಾಗ ಎಂಬುದು ಮುಖ್ಯ. ಬೆಳಗಿನ ಹೊತ್ತು ಜಪಾನ್ ಜೋರಾಗಿ ಬರುತ್ತದೆ, ಆದರೆ ಅದು ಒಂದೇ ಅಂಕದ ಸಂಪರ್ಕ. ಮಧ್ಯಾಹ್ನ 12.30ರ ನಂತರ 21 ಮತ್ತು 28 ಮೆಗಾಹರ್ಟ್ಸ್ ಯುರೋಪಿಗೆ ತೆರೆದುಕೊಂಡು ಸಂಜೆಯವರೆಗೆ ಇರುತ್ತವೆ. ನಿಮ್ಮ ಸ್ವಂತ ಸಿಕ್ಯೂಗೆ ಅದೇ ಪ್ರಶಸ್ತ ಕಾಲ. ಬ್ಯಾಂಡಿನ ಕೆಳತುದಿಯಲ್ಲಿ ದೈತ್ಯರ ನಡುವೆ ಜಾಗ ಹುಡುಕದೆ ಮೇಲಿನ ಭಾಗಕ್ಕೆ ಹೋಗಿ. 28 ಮೆಗಾಹರ್ಟ್ಸ್ ವಿಶಾಲವಾದ ಬ್ಯಾಂಡ್, ಅಲ್ಲಿ 28.6ರ ಮೇಲೆ ನಿರಾಳವಾದ ಎಡೆ ಸಿಗುತ್ತದೆ. ಒಂದು ನಿಮಿಷ ಕೇಳಿ, ಆವರ್ತನ ಬಳಕೆಯಲ್ಲಿದೆಯೇ ಎಂದು ಎರಡು ಬಾರಿ ವಿಚಾರಿಸಿ, ಆಮೇಲೆ ಐದಾರು ಸೆಕೆಂಡಿನ ಚಿಕ್ಕ ಕರೆ, ನಾಲ್ಕು ಸೆಕೆಂಡಿನ ಮೌನ. ಹತ್ತು ನಿಮಿಷ ಯಾರೂ ಬರದಿದ್ದರೂ ಕೈಬಿಡಬೇಡಿ. ಯಾರಾದರೂ ನಿಮ್ಮನ್ನು ಕ್ಲಸ್ಟರಿಗೆ ಹಾಕಿದ ಮರುಕ್ಷಣ ಹತ್ತಾರು ಮಂದಿ ಒಮ್ಮೆಗೇ ಕರೆಯುತ್ತಾರೆ. ನಿಮ್ಮನ್ನು ನೀವೇ ಅಲ್ಲಿ ಹಾಕಿಕೊಳ್ಳುವುದಾಗಲಿ, ಹಾಕಿರೆಂದು ಗೆಳೆಯರನ್ನು ಕೇಳುವುದಾಗಲಿ ನಿಷಿದ್ಧ.

ಆ ಪ್ರವಾಹ ಬಂದಾಗ ಎದೆಗುಂದಬೇಡಿ. ಕೇಳಿಸಿದ ಎರಡು ಅಕ್ಷರವನ್ನಾದರೂ ಹಿಡಿದು ಅವರನ್ನೇ ಕರೆಯಿರಿ, ‘ಯಾರು ಕರೆಯುತ್ತಿದ್ದೀರಿ’ ಎಂದು ಸಾಮೂಹಿಕವಾಗಿ ಕೇಳಬೇಡಿ. ಒಮ್ಮೆ ಎತ್ತಿಕೊಂಡವರನ್ನು, ಇನ್ನೊಬ್ಬರು ಎಷ್ಟೇ ಜೋರಾಗಿ ಮೇಲೆ ಬಿದ್ದರೂ, ಮುಗಿಸಿಯೇ ಮುಂದಕ್ಕೆ ಹೋಗಿ. ಶಿಸ್ತಿನ ಕೂಗುಗಾರರು ಹುಟ್ಟುವುದು ಮಾತಿಗೆ ತಪ್ಪದ ಆಪರೇಟರಿನಿಂದಲೇ. ಪ್ರತಿ ಸಂಪರ್ಕದ ಕೊನೆಗೆ ನಿಮ್ಮ ಕಾಲ್‌ಸೈನ್ ಹೇಳಿ; ಅದನ್ನು ಹೇಳದೆ ಐದಾರು ಸಂಪರ್ಕ ಓಡಿಸುವವರ ಬಳಿ ಕಾಯುವ ಹಿಂಸೆ ನಿಮಗೂ ಗೊತ್ತಿರುತ್ತದೆ. ಹಿಂದೆ ಮಾತಾಡಿದವರೇ ಮತ್ತೆ ಬಂದರೆ ವಾದಿಸದೆ ಮತ್ತೊಮ್ಮೆ ಲಾಗಿಗೆ ಹಾಕಿ, ಅದಕ್ಕೆ ದಂಡವಿಲ್ಲ, ಮೊದಲ ಬಾರಿ ಅವರು ನಿಮ್ಮನ್ನು ತಪ್ಪಾಗಿ ಬರೆದಿರಲೂಬಹುದು.

ವಾಸ್ಕೋ ಮೋರ್ಸ್, ಗೋವಾ

ಡೊಂಬಿವಿಲಿಯ ಮಿತ್ರರು ಬರೆದದ್ದರಲ್ಲಿ ಮೌನದ ಮಾತು ನನಗೆ ಬಹಳ ಹಿಡಿಸಿತು. ನಾನು ಕಾರವಾರದವನು, ವ್ಯಾಪಾರಿ ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿ ದುಡಿದು ಈಗ ವಾಸ್ಕೋದಲ್ಲಿ ನೆಲೆಸಿದ್ದೇನೆ. ನಮ್ಮ ರೇಡಿಯೋ ಕೋಣೆಯ ಗಡಿಯಾರದ ಮುಖದ ಮೇಲೆ ಎರಡು ಕೆಂಪು ಪಟ್ಟೆಗಳಿದ್ದವು: ಪ್ರತಿ ಗಂಟೆಯ 15ರಿಂದ 18ನೆಯ ನಿಮಿಷ, 45ರಿಂದ 48ನೆಯ ನಿಮಿಷ. ಆ ಮೂರು ಮೂರು ನಿಮಿಷ 500 ಕಿಲೋಹರ್ಟ್ಸ್‌ನಲ್ಲಿ ಕೈ ಕೀಲಿಯಿಂದ ಮೇಲೇಳಬೇಕು, ಕಿವಿ ಮಾತ್ರ ತೆರೆದಿರಬೇಕು. ಅಪಾಯದಲ್ಲಿರುವ ಹಡಗಿನ ಕ್ಷೀಣ ಕರೆ ಆಗ ಕೇಳಿಸಲಿ ಎಂದು ಜಗತ್ತಿನ ಎಲ್ಲ ನಿಲ್ದಾಣಗಳೂ ಸುಮ್ಮನಾಗುತ್ತಿದ್ದವು. 1999ರ ಫೆಬ್ರವರಿ 1ರಿಂದ ಉಪಗ್ರಹಾಧಾರಿತ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ಆ ಕರ್ತವ್ಯ ಮುಗಿಯಿತು. ಆದರೆ ಹಾಗೆ ಕೇಳಿದ ಕಿವಿ ಇಂದಿಗೂ ಪೈಲಪ್‌ನಲ್ಲಿ ನನ್ನ ಕೈಹಿಡಿಯುತ್ತಿದೆ. ನಿಮಗೂ ಒಂದು ಅಭ್ಯಾಸ ಸೂಚಿಸುತ್ತೇನೆ: ಸ್ಪರ್ಧೆಯ ಪ್ರತಿ ಗಂಟೆಯಲ್ಲಿ ಮೂರು ನಿಮಿಷ ಏನನ್ನೂ ಕರೆಯದೆ ಬ್ಯಾಂಡನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿಬನ್ನಿ. ಯಾವ ದಿಕ್ಕು ಏಳುತ್ತಿದೆ, ಯಾವುದು ಇಳಿಯುತ್ತಿದೆ ಎಂಬುದು ಯಾವ ಪಟ್ಟಿಗಿಂತಲೂ ಮೊದಲು ನಿಮಗೆ ತಿಳಿಯುತ್ತದೆ.

ಆಂಟೆನಾದ ಬಗ್ಗೆ ಎರಡು ಮಾತು. ನಿಮ್ಮ 20 ಮೀಟರ್ ತಂತಿ 7 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗ. ಆದರೆ 21 ಮೆಗಾಹರ್ಟ್ಸ್‌ನಲ್ಲಿ ಅದು ಮೂರು ಅರ್ಧ ತರಂಗಗಳಷ್ಟಾಗಿ, ಶಕ್ತಿ ಹಲವು ದಿಕ್ಕುಗಳಿಗೆ ಹರಿದು ಹಂಚಿಹೋಗುತ್ತದೆ. ಸೌರಚಕ್ರ 25ರ ಉತ್ತುಂಗ 2024ರಲ್ಲಿ ಕಂಡುಬಂದಿದ್ದರಿಂದ ಮುಂದಿನ ವರ್ಷಗಳಲ್ಲಿ 28 ಮೆಗಾಹರ್ಟ್ಸ್ ಮೆಲ್ಲನೆ ಕ್ಷೀಣಿಸಲಿದ್ದು, 21 ನಿಮ್ಮ ಮುಖ್ಯ ಬ್ಯಾಂಡ್ ಆಗಲಿದೆ. ಅದಕ್ಕೆಂದೇ ಪ್ರತ್ಯೇಕವಾದ ಡೈಪೋಲ್ (ನಡುವಿನಿಂದ ಶಕ್ತಿ ಕೊಡುವ ಎರಡು ತೋಳಿನ ತಂತಿ) ಒಂದನ್ನು ಕಟ್ಟಿ. ಒಟ್ಟು ಉದ್ದ 6.7 ಮೀಟರ್ ಮಾತ್ರ, ಎರಡು ಬಿದಿರಿನ ಗಳ ಸಾಕು. ನಮ್ಮಿಂದ ಯುರೋಪ್ ವಾಯವ್ಯಕ್ಕಿದೆ, ಜಪಾನ್ ಈಶಾನ್ಯಕ್ಕಿದೆ, ಉತ್ತರ ಅಮೆರಿಕದ ದಾರಿ ಬಹುತೇಕ ಉತ್ತರಕ್ಕೆ, ಧ್ರುವದ ಸನಿಹದಿಂದ ಹಾಯುತ್ತದೆ. ಡೈಪೋಲ್ ತನ್ನ ಪಕ್ಕಗಳಿಗೆ ಬೀರುತ್ತದೆಯೇ ಹೊರತು ತುದಿಗಳಿಗಲ್ಲ. ನೈಋತ್ಯದಿಂದ ಈಶಾನ್ಯಕ್ಕೆ ಎಳೆದರೆ ಮೂರು ಅಂಕದ ಯುರೋಪ್ ನೇರವಾಗಿ ಎದುರಿಗೆ ಬರುತ್ತದೆ, ಒಂದು ಅಂಕದ ಜಪಾನ್ ತುದಿಗೆ ಸರಿಯುತ್ತದೆ.

ನಾನು ಇಲ್ಲಿ 21 ಮೆಗಾಹರ್ಟ್ಸ್‌ಗೆ ಬಳಸುವುದು 3.4 ಮೀಟರ್ ಎತ್ತರದ ನೆಟ್ಟ ಕಂಬ ಮತ್ತು ಅದರ ಬುಡದಿಂದ ಹರಡುವ, ಕಾಲು ತರಂಗದ ಎರಡು ರೇಡಿಯಲ್ ತಂತಿ. ಮನೆಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಉಪ್ಪುನೀರು ಒಳ್ಳೆಯ ವಾಹಕವಾದ್ದರಿಂದ ನೀರಂಚಿನ ಲಂಬ ಆಂಟೆನಾದಿಂದ ಹೊರಟ ತರಂಗ ದಿಗಂತಕ್ಕೆ ಅಂಟಿಕೊಂಡಷ್ಟು ತಗ್ಗಿದ ಕೋನದಲ್ಲಿ ಸಾಗುತ್ತದೆ, ದೂರದ ದೇಶಗಳಿಗೆ ಅದೇ ಬೇಕಾದದ್ದು. ಪ್ರತಿ ಮಳೆಗಾಲದ ನಂತರ ಉಪ್ಪು ತಿಂದ ಜೋಡಣೆಗಳನ್ನೆಲ್ಲ ಬಿಚ್ಚಿ ಉಜ್ಜುವುದು ಅದಕ್ಕೆ ತೆರುವ ಬೆಲೆ. ಪುಣೆಯ ತಾರಸಿಯಲ್ಲಿ ಇದು ಫಲಿಸದು, ಅಲ್ಲಿ ಡೈಪೋಲೇ ಸರಿ.

ಇನ್ನು ಸಾಧ್ಯವಾದರೆ ಮೋರ್ಸ್ ಕಲಿಯಿರಿ. ಧ್ವನಿಗೆ 2,400 ಹರ್ಟ್ಸ್ ಅಗಲದ ಕಿಟಕಿ ಬೇಕು, ಮೋರ್ಸಿಗೆ 400 ಸಾಕು. ಗದ್ದಲ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಸುಮಾರು 8 ಡೆಸಿಬೆಲ್ ಲಾಭ. ಲೈಸೆನ್ಸಿನ ಮೇಲಿನ ದರ್ಜೆಯಾದ ಜನರಲ್ ದರ್ಜೆಯ ಪರೀಕ್ಷೆಗೆ ನಿಮಿಷಕ್ಕೆ 8 ಪದದ ವೇಗ ಸಾಕಾದರೂ ಸ್ಪರ್ಧೆಯಲ್ಲಿ 30ರ ಆಸುಪಾಸು ಓಡುತ್ತಾರೆ. ಹೀಗಾಗಿ ಚುಕ್ಕೆ ಗೆರೆ ಎಣಿಸದೆ, ಮೊದಲ ದಿನದಿಂದಲೇ ಅಕ್ಷರವನ್ನು ಒಂದು ನಾದವಾಗಿ ಕೇಳಿ ಕಲಿಯಿರಿ.

ಮಾಟುಂಗಾ ತಾರಸಿ, ಮುಂಬಯಿ

ಕೂಗುವ ಬಗ್ಗೆ ಎಲ್ಲರೂ ಬರೆದಿದ್ದೀರಿ, ಆದರೆ ಪ್ರಶ್ನೆ ಕೇಳಿದವರು ಏಳು ಕಾಲ್‌ಸೈನ್‌ಗಳನ್ನು ತಪ್ಪಾಗಿ ಬರೆದುಕೊಂಡರಲ್ಲ, ಅದಕ್ಕೆ ಕಾರಣ ಅವರ ಕಿವಿಯಲ್ಲದೆ ಅವರ ಕಟ್ಟಡವೂ ಇರಬಹುದು. ನಗರದಲ್ಲಿ ಕುಳಿತವರ ನಿಜವಾದ ಎದುರಾಳಿ ಗದ್ದಲ. ಅದನ್ನು ಪತ್ತೆ ಮಾಡುವ ವಿಧಾನ ಸರಳವಾಗಿದೆ: ರೇಡಿಯೋವನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ, ಮನೆಯ ಮೇನ್ ಆರಿಸಿ, ಎಸ್ ಮೀಟರ್ (ಬರುವ ಸಂಕೇತದ ಬಲ ತೋರಿಸುವ ಸೂಚಿ) ಎಷ್ಟು ಇಳಿಯಿತೆಂದು ನೋಡಿ, ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ನನ್ನ ಮನೆಯಲ್ಲಿ ರೌಟರಿನ ಅಡಾಪ್ಟರ್ ಮತ್ತು ಅಡುಗೆಮನೆಯ ಎಲ್‌ಇಡಿ ದೀಪ ಎರಡೇ ಸೇರಿ ಮೀಟರನ್ನು ಎಸ್7ಕ್ಕೆ ಏರಿಸಿದ್ದವು. ಎರಡನ್ನೂ ಬದಲಿಸಿದೆ, ಆಂಟೆನಾದ ಕೇಬಲ್ ಮನೆಯೊಳಗೆ ಬರುವ ಕಡೆ 31 ಮಿಶ್ರಣವೆಂಬ ಬಗೆಯ, ಗದ್ದಲ ತಡೆಯುವ ದೊಡ್ಡ ಫೆರೈಟ್ (ಕಾಂತೀಯ) ಉಂಗುರಕ್ಕೆ ಹತ್ತು ಹನ್ನೆರಡು ಸುತ್ತು ಸುತ್ತಿದೆ. ಎಸ್3ಕ್ಕೆ ಬಂದು ನಿಂತಿತು. ಎಂಡ್‌ಫೆಡ್ ತಂತಿಗಂತೂ ಈ ಉಂಗುರ ಅತ್ಯವಶ್ಯ, ಏಕೆಂದರೆ ಅಲ್ಲಿ ಕೇಬಲ್ಲಿನ ಹೊರಮೈಯೇ ಆಂಟೆನಾದ ಭಾಗವಾಗಿ ವರ್ತಿಸಿ ಮನೆಯ ಗದ್ದಲವನ್ನೆಲ್ಲ ಹೀರುತ್ತದೆ.

ಅಕ್ಟೋಬರ್ ಕೊನೆಯೆಂದರೆ ದೀಪಾವಳಿಯ ಆಸುಪಾಸು. ಬಾಲ್ಕನಿಗಳಲ್ಲಿ ತೂಗುವ ಮಿನುಗು ದೀಪದ ಸರಗಳ ಅಗ್ಗದ ಅಡಾಪ್ಟರ್‌ಗಳು 7 ಮೆಗಾಹರ್ಟ್ಸನ್ನು ಸಂಜೆಯಾಗುತ್ತಲೇ ಮುಚ್ಚಿಹಾಕುತ್ತವೆ. ನೆರೆಮನೆಯವರ ಹಬ್ಬದ ದೀಪ ಆರಿಸಿರೆಂದು ಕೇಳುವುದು ಸಲ್ಲದು. ಆ ದೀಪಗಳು ಆರುವ ರಾತ್ರಿ 1 ಗಂಟೆಯಿಂದ ಬೆಳಗಿನ 6ರವರೆಗೆ 7 ಮೆಗಾಹರ್ಟ್ಸ್‌ನಲ್ಲಿ ಯುರೋಪ್ ಇನ್ನೂ ಇರುತ್ತದೆ, ಆ ಹೊತ್ತನ್ನು ಅದಕ್ಕೆಂದೇ ಮೀಸಲಿಡಿ; ಸಂಜೆ ಮಲಗಿ ಎದ್ದರಾಯಿತು. ಅಲ್ಲಿ ಪ್ರೀಆಂಪ್ (ಸಂಕೇತವನ್ನು ಹಿಗ್ಗಿಸುವ ಭಾಗ) ಆಫ್ ಮಾಡಿ, ಅಗತ್ಯವಿದ್ದರೆ ಅಟೆನ್ಯುಯೇಟರ್ (ಸಂಕೇತವನ್ನು ತಗ್ಗಿಸುವ ಭಾಗ) ಹಾಕಿ, ಆರ್‌ಎಫ್ ಗೇನ್ (ರೇಡಿಯೋದ ಗ್ರಹಣಶಕ್ತಿ) ತಗ್ಗಿಸಿ ಕೇಳಿ. ದನಿ ಸಣ್ಣದಾಗುತ್ತದೆ, ಆದರೆ ಅಕ್ಷರಗಳು ಬಿಡಿಬಿಡಿಯಾಗುತ್ತವೆ.

ಡೊಂಬಿವಿಲಿಯವರ ಒಂದು ಮಾತಿಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಶನಿವಾರ ಮಧ್ಯಾಹ್ನ 50 ವಾಟಿನಲ್ಲಿ ಸಿಕ್ಯೂ ಕೂಗಿದರೆ ಯಾರಾದರೂ ಬಲಿಷ್ಠರು ಬಂದು ಆ ಜಾಗವನ್ನು ಆಕ್ರಮಿಸುತ್ತಾರೆ, ಎರಡು ಗಂಟೆ ವ್ಯರ್ಥವಾಗುತ್ತದೆ. ಶನಿವಾರ ಪೂರ್ತಿ ಹುಡುಕಿ ಕರೆಯಿರಿ, ಭಾನುವಾರ ಮಧ್ಯಾಹ್ನ ಕೂಗಿ. ಆ ವೇಳೆಗೆ ದೊಡ್ಡ ನಿಲ್ದಾಣಗಳೆಲ್ಲ ಪರಸ್ಪರ ಮಾತಾಡಿ ಮುಗಿಸಿ ಹೊಸ ಕಾಲ್‌ಸೈನಿಗಾಗಿ ಹಸಿದಿರುತ್ತವೆ.

ಕೊಥ್ರೂಡ್ ಕೇಳುಗ, ಪುಣೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಲಾಗ್ ತಿದ್ದಿದ್ದು ತಪ್ಪೆಂದು ತಿಳಿದು ಬೇಸರವಾಯಿತು, ಇನ್ನು ಹಾಗಾಗದು. ಮಾಟುಂಗಾದವರು ಹೇಳಿದಂತೆ ಇಂದು ಬೆಳಗ್ಗೆ ಮೇನ್ ಆರಿಸಿ ನೋಡಿದೆ. ನಮ್ಮ ಮನೆಯಿಂದ ಬರುವ ಗದ್ದಲ ಅಲ್ಪ. ಆದರೆ ಸೂರ್ಯ ಮೇಲೇರಿದಂತೆ ಗದ್ದಲವೂ ಏರಿ, ಮೋಡ ಕವಿದಾಗ ಇಳಿಯುತ್ತದೆ. ತಾರಸಿಯ ಮೇಲಿನ ಸೊಸೈಟಿಯ ಸೌರ ಫಲಕಗಳ ಇನ್ವರ್ಟರ್ ನನ್ನ ತಂತಿಯ ಕೆಳಗೇ ಇದೆ. ಇದಕ್ಕೆ ಏನು ಮಾಡಬಹುದು? ಮತ್ತು ಸಿಂಹಗಡದ ಕಡೆಯ ಗೆಳೆಯರ ತೋಟದಿಂದ ಸ್ಪರ್ಧಿಸಿದರೆ ಹೇಗೆ?

ಡೊಂಬಿವಿಲಿ 15 ಮೀಟರ್

ಭಾನುವಾರದ ವಿಚಾರದಲ್ಲಿ ಮಾಟುಂಗಾದವರ ಮಾತನ್ನು ಒಪ್ಪುತ್ತೇನೆ. ನಾನು ಶನಿವಾರವೂ ಒಂದು ಗಂಟೆ ಪ್ರಯತ್ನಿಸಿ ಎನ್ನುತ್ತೇನೆ, ಏಕೆಂದರೆ ಕೂಗುವ ಕಲೆ ಕೂಗದೆ ಬರುವುದಿಲ್ಲ.

ಇನ್ವರ್ಟರ್ ನಿಮ್ಮ ಸೊತ್ತಲ್ಲ, ಅದನ್ನು ಮುಟ್ಟಬೇಡಿ. ವಾಸ್ಕೋದ ಹಿರಿಯರು ಹೇಳಿದ 6.7 ಮೀಟರಿನ ಡೈಪೋಲ್ ಚಿಕ್ಕದು, ಅದನ್ನು ಇನ್ವರ್ಟರಿನಿಂದ ಆದಷ್ಟು ದೂರದ ಮೂಲೆಗೆ ಒಯ್ಯಿರಿ. ಕೇಬಲ್ಲು ಫಲಕಗಳ ತಂತಿಗಳ ಜೊತೆಜೊತೆಗೆ ಓಡದಂತೆ ಬೇರೆ ಗೋಡೆಯಿಂದ ಇಳಿಸಿ, ಮೇಲೊಂದು ಕೆಳಗೊಂದು ಫೆರೈಟ್ ಉಂಗುರ ಹಾಕಿ. ಅಷ್ಟರಲ್ಲಿ ಬಹುಪಾಲು ಇಳಿಯುತ್ತದೆ. ತೋಟದಿಂದ ಸ್ಪರ್ಧಿಸುವ ಯೋಚನೆ ಒಳ್ಳೆಯದೇ, ಆದರೆ ನಿಮ್ಮ ನಿಲ್ದಾಣದ ಸ್ಥಳ ಲೈಸೆನ್ಸಿನಲ್ಲಿ ನಮೂದಾಗಿರುತ್ತದೆ. ಬೇರೆಡೆಯಿಂದ ಪ್ರಸಾರ ಮಾಡುವ ಮುನ್ನ ಲಿಖಿತ ಅನುಮತಿ ಪಡೆಯಿರಿ. ಅಕ್ಟೋಬರಿಗೆ ಬೇಕೆಂದರೆ ಅರ್ಜಿಯನ್ನು ಈಗಲೇ ಹಾಕಿ.

ಮುಂದಿನ ಬಾರಿ ನಮೂದಿಸುವಾಗ ರೂಕಿ ವಿಭಾಗವನ್ನೂ ಗುರುತಿಸಿ. ಲೈಸೆನ್ಸ್ ಪಡೆದು ಮೂರು ವರ್ಷ ಮೀರದವರಿಗೆ ಅದು ಮೀಸಲು, ನಿಮಗೆ ಇನ್ನೊಂದೇ ಅವಕಾಶ ಉಳಿದಿದೆ. ಕ್ಲಸ್ಟರ್ ನೋಡಿದರೆ ಅಸಿಸ್ಟೆಡ್ (ನೆರವು ಪಡೆದವರು) ಎಂದು ಹಾಕಲೇಬೇಕು, ನೋಡಿದ ಮೇಲೂ ಕಾಲ್‌ಸೈನನ್ನು ನಿಮ್ಮ ಕಿವಿಯಿಂದ ಕೇಳಿಯೇ ಬರೆಯಬೇಕು. ಪಟ್ಟಿಯಲ್ಲಿನ ತಪ್ಪು ಅಕ್ಷರಗಳು ನೂರಾರು ಲಾಗುಗಳಿಗೆ ಹಾಗೆಯೇ ಇಳಿಯುತ್ತವೆ. ವಲಯದ ಸಂಖ್ಯೆಯನ್ನು ತಂತ್ರಾಂಶವೇ ತುಂಬಿಕೊಟ್ಟರೂ ನಂಬಬೇಡಿ, ಅಮೆರಿಕವೊಂದರಲ್ಲೇ 3, 4, 5 ಎಂಬ ಮೂರು ವಲಯಗಳಿವೆ. ಗಣಕದ ಗಡಿಯಾರವನ್ನು ಶುಕ್ರವಾರವೇ ಹೊಂದಿಸಿ. ಲಾಗ್ ಕಳುಹಿಸಲು ಸ್ಪರ್ಧೆ ಮುಗಿದ ಮೇಲೆ ಐದು ದಿನಗಳಷ್ಟೇ ಇರುವುದರಿಂದ, ನಾನು ಸೋಮವಾರ ಬೆಳಗ್ಗೆ ಚಹಾ ಕುಡಿಯುವ ಮೊದಲೇ ಅದನ್ನು ಕಳುಹಿಸಿಬಿಡುತ್ತೇನೆ. ಡೈಪೋಲ್ ಏರಿಸಿದ ಮೇಲೆ ಯಾವುದಾದರೂ ಭಾನುವಾರ ಬೆಳಗ್ಗೆ ತಿಳಿಸಿ, 21.300ರ ಮೇಲೆ ನಾನು ಕೇಳುತ್ತಿರುತ್ತೇನೆ. ಡೊಂಬಿವಿಲಿಗೂ ಪುಣೆಗೂ ಆ ಬ್ಯಾಂಡಿನಲ್ಲಿ ನೆಲದಲೆಯ (ನೆಲಕ್ಕೆ ಅಂಟಿ ಸಾಗುವ ಅಲೆಯ) ಬಲ ತೀರ ಕಡಿಮೆ, ನಡುವೆ ಸಹ್ಯಾದ್ರಿ ಬೇರೆ ಇದೆ. ಕೇಳಿಸದಿದ್ದರೆ ವಾಸ್ಕೋದವರನ್ನೂ ಕರೆದು 7 ಮೆಗಾಹರ್ಟ್ಸ್‌ಗೆ ಇಳಿಯೋಣ, ನಿಮ್ಮ ‘ಟ್ರೀ’ ಹೇಗೆ ಕೇಳಿಸುತ್ತದೆಂದು ಮೂವರೂ ಕೂಡಿ ನೋಡೋಣ.